ಶಿಬಿರದ ಮಕ್ಕಳಿಗೆ ಲೆಕ್ಕದ ಕೆಲಸ ಕೊಡಿ



ಹೆಬ್ಬಾಳದಾಚೆ ಜಿಕೆವಿಕೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯ ಶುರುವಾದದ್ದು 1964ರಲ್ಲಿ. ಅಲ್ಲಿ ಬಿ.ಎಸ್ಸಿ. ಕೃಷಿ ಓದುವ ಮಕ್ಕಳು ಕೊನೆಯ ವರ್ಷ ಹಳ್ಳಿಗೆ ಬಂದು ತಂಗುತ್ತಾರೆ. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹೆಸರು. ನಾವೇನು ಮಾಡ್ತೀವಿ? ಬೀಜೋಪಚಾರದ ಪ್ರಾತ್ಯಕ್ಷಿಕೆ ನೋಡಿ, ಹಾರ ಹಾಕಿ ಕಳಿಸ್ತೀವಿ. ಬೀಜೋಪಚಾರ ಬೇಡ ಅನ್ನೋದಿಲ್ಲ. ಆದರೆ ನಮ್ಮ ಸಾಲ ಹುಟ್ಟುವುದು ಬೀಜದಲ್ಲಲ್ಲ, ಬೆಲೆಯಲ್ಲಿ.

ಹಾಲಿನ ಸಂಘ, ಸೊಸೈಟಿ, ರೈತ ಸಂಘಗಳು ಮುಂಚೆಯೇ ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯಲಿ: ಇಬ್ಬರು ಮಕ್ಕಳನ್ನು ಕೊಡಿ, ಹತ್ತು ಮನೆಗಳ ರಾಗಿ ಬೆಳೆಯ ಖರ್ಚು ಬರೆಯಲಿ. ಉಳುಮೆ, ಗೊಬ್ಬರ, ಕೊಯ್ಲು ಅಷ್ಟೇ ಅಲ್ಲ. ಮನೆಯವರ ದುಡಿಮೆ, ಸ್ವಂತ ಜಮೀನಿನ ಗುತ್ತಿಗೆ, ಸ್ವಂತ ಬಂಡವಾಳದ ಬಡ್ಡಿ ಎಲ್ಲವನ್ನೂ. ದೆಹಲಿಯ ಬೆಲೆ ಆಯೋಗ ಈ ಪೂರ್ತಿ ಲೆಕ್ಕವನ್ನು ಸಿ2 ಅನ್ನುತ್ತದೆ. 2018ರಿಂದ ಸರ್ಕಾರ ಹೇಳುತ್ತಿರುವ ಒಂದೂವರೆ ಪಟ್ಟು ಬೆಲೆಯಲ್ಲಿ ಮನೆಯವರ ದುಡಿಮೆ ಸೇರಿದೆ, ಆ ಗುತ್ತಿಗೆಯೂ ಬಡ್ಡಿಯೂ ಸೇರಿಲ್ಲ. ನಮ್ಮ ಕೈಯಲ್ಲಿ ಲೆಕ್ಕವಿಲ್ಲದಿದ್ದರೆ ವಾದಿಸೋದು ಹೇಗೆ?

ಮಕ್ಕಳನ್ನು ಬಿಟ್ಟಿ ಕೂಲಿಗೆ ಹಚ್ಚಬೇಡಿ. ಇರಲು ಕೋಣೆ, ಊಟ, ಜೊತೆಗೊಬ್ಬ ತಿಳಿದ ಹಿರಿಯ, ಇಷ್ಟು ಸಂಘದ ಜವಾಬ್ದಾರಿ. ಹೋಗುವ ಮುನ್ನ ಲೆಕ್ಕವನ್ನು ಊರ ಮುಂದೆ ಓದಲಿ, ಒಂದು ಪ್ರತಿ ಸಂಘದಲ್ಲಿ ಬಿಡಲಿ.

ನಾಳೆ ಇವರಲ್ಲೇ ಕೆಲವರು ಕೃಷಿ ಅಧಿಕಾರಿ, ಬ್ಯಾಂಕ್ ಅಧಿಕಾರಿ ಆಗ್ತಾರೆ. ರಾಗಿಯ ಲೆಕ್ಕ ತನ್ನ ಕೈಯಿಂದಲೇ ಬರೆದವನಿಗೆ ನಮ್ಮ ಸಾಲದ ಕಾರಣವನ್ನು ಮತ್ತೆ ಹೇಳಬೇಕಾಗಿಲ್ಲ.