ಅಳಿಲು ಸೇವೆಯೂ ಇಲಿಬೋನೂ

ನಮ್ಮ ಸಂಘದ ಯಾವ ಸಮಾರಂಭವೇ ಇರಲಿ, ವಂದನಾರ್ಪಣೆಗೆ ನಿಂತ ಮಹನೀಯರು ಒಂದು ಮಾತನ್ನು ತಪ್ಪದೆ ಆಡುತ್ತಾರೆ: ‘ನಮ್ಮದೇನಿದ್ದರೂ ಅಳಿಲು ಸೇವೆ.’ ಸಭೆ ಚಪ್ಪಾಳೆ ತಟ್ಟುತ್ತದೆ. ಆಮೇಲೆ ಉಪ್ಪಿಟ್ಟು ಕಾಫಿಯ ಸಾಲಿನಲ್ಲಿ ಅದೇ ಮಹನೀಯರು ಪಕ್ಕದವರನ್ನು, ‘ನಿಮ್ಮ ಕಡೆ ಅಳಿಲಿನ ಕಾಟಕ್ಕೆ ಏನು ಮಾಡುತ್ತೀರಿ ಸ್ವಾಮಿ? ನಾವು ಗೋಂದಿನ ಹಲಗೆ ಇಟ್ಟೆವು, ಎರಡು ಬಿದ್ದವು’ ಎಂದು ವಿಚಾರಿಸುತ್ತಾರೆ. ಈ ಎರಡು ಮಾತೂ ಒಂದೇ ಬಾಯಿಂದ ಒಂದೇ ಗಂಟೆಯೊಳಗೆ ಹೊರಟದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಹೆಸರು ಹೇಳುವುದಿಲ್ಲ. ಹೇಳುವ ಅಧಿಕಾರ ನಮಗಿಲ್ಲ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ.

ಈಗ ಇದನ್ನು ಬರೆಯಲು ಕಾರಣ, ನಮ್ಮ ಬ್ಲಾಕಿನ ವಾಟ್ಸಾಪ್ ಗುಂಪಿನಲ್ಲಿ ಬಂದಿರುವ ಒಂದು ಸಲಹೆ. ಮನೆಗೆ ನೂರು ರೂಪಾಯಿಯಂತೆ ಎತ್ತಿ ಇಲಿಪಾಷಾಣದವನನ್ನು ಕರೆಸಿ, ಮಹಡಿಗಳ ಮೇಲೂ ಬಾಲ್ಕನಿಗಳಲ್ಲೂ ಅಳಿಲಿಗೆ ಮದ್ದಿಡಿಸಬೇಕಂತೆ. ಒಪ್ಪಿಗೆ ಸೂಚಿಸಿ ಹೆಬ್ಬೆರಳು ಎತ್ತಿದವರಲ್ಲಿ ಎರಡು ಕನ್ನಡ ಮನೆಗಳೂ ಇವೆ.

ನಾವು ಅಳಿಲಿನ ಪರವಾಗಿ ವಕಾಲತ್ತು ಹಾಕಿದವರಲ್ಲ. ರಾಮಕೃಷ್ಣಪುರದ ಸರಕಾರಿ ವಸತಿಯಲ್ಲಿ ಮೇಲಂತಸ್ತಿನ ಮನೆ, ಒಂದು ಬಾಲ್ಕನಿ, ತಾರಸಿಯ ಒಂದು ಮೂಲೆ. ಅಲ್ಲಿ ಮೂವತ್ತು ಮೂವತ್ತೈದು ಮಣ್ಣಿನ ಕುಂಡ. ಶಿವಮೊಗ್ಗದಲ್ಲಿ ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರ ಓದಿ, ದೆಹಲಿಗೆ ಬಂದು ಇಪ್ಪತ್ತು ವರ್ಷ ಟಿಪ್ಪಣಿ ಬರೆದ ನಮಗೆ ಓದಿದ್ದು ಉಪಯೋಗಕ್ಕೆ ಬರುವ ಜಾಗ ಅದೊಂದೇ. ಅಲ್ಲಿ ಬಿತ್ತಿದ ಬಟಾಣಿಯನ್ನು ಬಿತ್ತಿದ ಸಂಜೆಯೇ ಅಗೆದು ತೆಗೆದರೆ, ದಾಳಿಂಬೆಯ ಮೊಗ್ಗನ್ನು ಒಂದೊಂದಾಗಿ ಚಿವುಟಿ ನೆಲಕ್ಕೆ ಹಾಕಿದರೆ, ಟೊಮೇಟೊ ಕೆಂಪೇರಿದ ದಿನವೇ ಒಂದು ಕಡೆ ಕಚ್ಚಿ ಉಳಿದದ್ದನ್ನು ಬಿಟ್ಟು ಮುಂದಿನದಕ್ಕೆ ಹೋದರೆ ಯಾರಿಗೆ ರೇಗುವುದಿಲ್ಲ? ಪೂರ್ತಿ ತಿಂದಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಒಂದು ಮಾರ್ಚಿಯಲ್ಲಿ ಹೀಗೆ ಹನ್ನೊಂದು ಹಣ್ಣು ಎಣಿಸಿ ಎತ್ತಿ ಎಸೆದವರು ನಾವು. ಸಿಟ್ಟು ಸುಳ್ಳಲ್ಲ. ಸಿಟ್ಟಿನಲ್ಲಿ ಮಾಡುವ ಕೆಲಸದ ವಿಷಯಕ್ಕೆ ನಮ್ಮ ತಕರಾರು.

ಊರಲ್ಲಿ ನಾವು ಕಂಡ ಅಳಿಲಿಗೆ ಮೂರು ಗೆರೆ. ಸೇತುವೆಗೆ ಮರಳು ಹೊತ್ತದ್ದಕ್ಕೆ ರಾಮ ಬೆನ್ನು ಸವರಿದ ಕತೆ ಎಲ್ಲರಿಗೂ ಗೊತ್ತು. ದೆಹಲಿಯ ಅಳಿಲು ಬೇರೆ ಜಾತಿಯದು, ಅದಕ್ಕೆ ಐದು ಗೆರೆ. ರಾಜಧಾನಿಗೆ ವರ್ಗವಾಗಿ ಬಂದು ಎರಡು ಗೆರೆ ಬಡ್ತಿ ಪಡೆದಿದೆ ಎಂದು ನಾವು ತಮಾಷೆ ಮಾಡುವುದುಂಟು; ಯು.ಡಿ.ಸಿ. ಎಂಬುದು ಹೋಗಿ ಹಿರಿಯ ಸಚಿವಾಲಯ ಸಹಾಯಕ ಎಂಬ ಹೆಸರು ಬಂದದ್ದು ಬಿಟ್ಟರೆ ನಮಗೆ ಅಷ್ಟೂ ಆಗಲಿಲ್ಲ. ಈ ಐದು ಗೆರೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿ ಬಹುಕಾಲ ಇತ್ತು. ಇಲಿ, ಕಾಗೆಗಳಂತೆ ಉಪದ್ರವಿಗಳ ಪಟ್ಟಿಯಲ್ಲಿ ಇರಲಿಲ್ಲ. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನೇ ಹೊಸದಾಗಿ ಬರೆದರು. ಹಾಗಿರಲಿ, ಕಾಯ್ದೆ ತೋರಿಸಿ ಹೆದರಿಸುವುದು ನಮ್ಮ ಉದ್ದೇಶವಲ್ಲ. ಕಡತದಲ್ಲಿ ಕಾಯ್ದೆ ತೋರಿಸಿ ಸಾಕಾಗಿದೆ.

ಹೇಳಬೇಕಾದ್ದು ನಮ್ಮದೇ ಒಂದು ಕೃತ್ಯ. ಆ ಹನ್ನೊಂದು ಟೊಮೇಟೊ ಹೋದ ವರ್ಷ ಏಪ್ರಿಲಿನಲ್ಲಿ ನಾವು ಒಂದು ತಂತಿಯ ಇಲಿಬೋನು ತಂದೆವು. ಕೊಲ್ಲುವವರಲ್ಲ ನಾವು, ದಯಾವಂತರು. ಹಿಡಿದು ಕಾಡಿಗೆ ಬಿಡುವುದೆಂದು ತೀರ್ಮಾನ. ಶೇಂಗಾಬೀಜ ಇಟ್ಟ ಅರ್ಧ ಗಂಟೆಯಲ್ಲಿ ಒಂದು ಬಿತ್ತು. ಬೋನಿಗೆ ಬಟ್ಟೆ ಮುಚ್ಚಿ, ಸ್ಕೂಟರಿನ ಮುಂದೆ ಇಟ್ಟುಕೊಂಡು, ಧೌಲಾ ಕುವಾಂ ದಾಟಿ ರಿಡ್ಜ್ ಕಾಡಿನ ಅಂಚಿನಲ್ಲಿ ಬಾಗಿಲು ತೆರೆದೆವು. ಅದು ಬಳ್ಳಾರಿ ಜಾಲಿಯ ಪೊದೆಯೊಳಗೆ ನುಗ್ಗಿತು. ಬಹಳ ಹಗುರವಾದ ಮನಸ್ಸಿನಿಂದ ಕಚೇರಿಗೆ ಹೋದೆವು. ಹಾಜರಿ ಯಂತ್ರಕ್ಕೆ ಬೆರಳು ಒತ್ತಿದ್ದು ಮಾತ್ರ ತಡವಾಗಿತ್ತು.

ನಾಲ್ಕನೆಯ ದಿನ, ಬೇಸಿಗೆ ಬಂತೆಂದು ಕಿಟಕಿಯ ಕೂಲರನ್ನು ಬಿಚ್ಚಿ ಲಾವಂಚದ ಚಾಪೆ ಬದಲಿಸಲು ಹೊರಟೆವು. ದೆಹಲಿಯ ಮನೆಗಳಲ್ಲಿ ಅಕ್ಟೋಬರಿನಿಂದ ಏಪ್ರಿಲಿನವರೆಗೆ ಕೂಲರು ಒಣಗಿ ನಿಂತಿರುತ್ತದೆ. ಒಳಗೆ ಹುಲ್ಲು, ನೆರಳು, ಬೆಕ್ಕು ಬಾರದ ಜಾಗ. ಚಾಪೆಯ ಹಿಂದೆ ನಾರು, ಹತ್ತಿ, ನಮ್ಮ ಮನೆಯ ಒರಸುಬಟ್ಟೆಯ ಚೂರು ಸೇರಿಸಿ ಕಟ್ಟಿದ ಗೂಡಿತ್ತು. ಒಳಗೆ ಮೂರು ಮರಿ, ಕಣ್ಣು ಬಿಡದವು. ಒಂದು ಆಗಲೇ ಸತ್ತಿತ್ತು. ಉಳಿದೆರಡಕ್ಕೆ ಹತ್ತಿಯಲ್ಲಿ ಹಸುವಿನ ಹಾಲು ಅದ್ದಿ ಹಿಂಡಿದೆವು. ಹಸುವಿನ ಹಾಲು ಅವಕ್ಕೆ ಒಗ್ಗುವುದಿಲ್ಲವೆಂದು ಆಮೇಲೆ ತಿಳಿಯಿತು. ಮರುದಿನ ಸಂಜೆಗೆ ಅವೂ ಇರಲಿಲ್ಲ. ನಮ್ಮ ಮನೆಯಾಕೆ ಹೆಚ್ಚು ಮಾತಾಡುವವರಲ್ಲ. ‘ರೀ, ನೀವು ಬಿ.ಎಸ್ಸಿ. ಓದಿದ್ದು ಇದಕ್ಕೇನಾ?’ ಎಂದು ಒಂದೇ ಮಾತು ಕೇಳಿದರು.

ಕೇಳಬೇಕಾದ್ದೇ. ಈ ಜಾತಿಯಲ್ಲಿ ಮರಿಗಳನ್ನು ಸಾಕುವುದು ತಾಯಿ ಮಾತ್ರ. ವಸಂತದಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಮರಿ ಹಾಕುತ್ತದೆ. ಎಂದರೆ ನಮಗೆ ಸಿಟ್ಟು ಬಂದು ಬೋನು ಇಡುವ ಮಾರ್ಚಿ ಏಪ್ರಿಲಿನಲ್ಲೇ ಗೂಡಿನಲ್ಲಿ ಮರಿ ಇರುವುದು. ಮೊಲೆಯೂಡಿಸುವ ತಾಯಿಗೆ ನೀರೂ ಆಹಾರವೂ ಹೆಚ್ಚು ಬೇಕಾದ್ದರಿಂದ ಬೋನಿಗೆ ಮೊದಲು ಬೀಳುವುದೂ ಅದೇ ಇರಬಹುದು. ಇದೆಲ್ಲ ಪ್ರಾಣಿಶಾಸ್ತ್ರದ ಮೊದಲ ಪಾಠ. ಗೊತ್ತಿದ್ದೂ ಮಾಡಿದೆವು. ಆದುದರಿಂದ ‘ಹಿಡಿದು ದೂರ ಬಿಟ್ಟು ಬರುತ್ತೇವೆ, ಹಿಂಸೆಯಿಲ್ಲ’ ಎನ್ನುವ ಮಿತ್ರರಿಗೆ ನಮ್ಮ ಉತ್ತರ: ಹಿಂಸೆ ಇದೆ, ನೀವು ನೋಡದ ಜಾಗದಲ್ಲಿ ಇದೆ. ಲಾಭವೂ ಇಲ್ಲ. ನಾವು ಬಿಟ್ಟುಬಂದ ವಾರದೊಳಗೆ ಅದೇ ಗೋಡೆಯ ಮೇಲೆ ಬೇರೆರಡು ಓಡಾಡುತ್ತಿದ್ದವು. ಸರಕಾರಿ ವಸತಿಯಲ್ಲಿ ಖಾಲಿಯಾದ ಮನೆ ಎಷ್ಟು ದಿನ ಖಾಲಿ ಇರುತ್ತದೆ ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಪಾಷಾಣದ ಮಾತು ಇನ್ನೂ ಕೆಟ್ಟದ್ದು. ಈಗ ಇಡುವ ಮದ್ದು ಬಹುಮಟ್ಟಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಮೊಡಯೊಲೋನ್ ಜಾತಿಯದು. ತಿಂದ ಪ್ರಾಣಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಓಡಾಡಿಕೊಂಡು ಇರುತ್ತದೆ. ಆ ದಿನಗಳಲ್ಲಿ ಅದನ್ನು ಹಿಡಿದ ಗೂಬೆಯ, ಹದ್ದಿನ, ಬೆಕ್ಕಿನ ಹೊಟ್ಟೆಗೂ ಮದ್ದು ಹೋಗುತ್ತದೆ. ನಮ್ಮ ಬ್ಲಾಕಿನ ಬೇವಿನ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ ಇವೆ. ಇಲಿ ಹಿಡಿಯುವ ಕೆಲಸವನ್ನು ಅವು ಮನೆಗೆ ನೂರು ರೂಪಾಯಿ ಕೇಳದೆ ಮಾಡುತ್ತಿವೆ. ಗೋಂದಿನ ಹಲಗೆಯ ವಿಷಯ ಬರೆಯಲು ಕೈ ಬರುವುದಿಲ್ಲ. ಅಂಟಿದ ಪ್ರಾಣಿ ಗಂಟೆಗಟ್ಟಲೆ ಕಿರುಚುತ್ತದೆ. ಅದನ್ನು ಕೇಳಿಸಿಕೊಂಡು ಸಂಜೆ ಕಾಫಿ ಕುಡಿಯಬಲ್ಲವರು ವಂದನಾರ್ಪಣೆಯಲ್ಲಿ ಬೇರೆ ಉಪಮೆ ಹುಡುಕಿಕೊಳ್ಳಲಿ. ಕಿವಿಗೆ ಕೇಳಿಸದ ಸದ್ದು ಮಾಡಿ ಓಡಿಸುತ್ತದೆಂದು ಮಾರುವ ಪೆಟ್ಟಿಗೆಯನ್ನೂ ನಾವು ಕೊಂಡಿದ್ದೆವು. ಅಳಿಲು ಅದರ ಮೇಲೆ ಕುಳಿತು ಬೀಜ ಸುಲಿಯಿತು.

ಈ ಮಾತುಗಳಿಗೆಲ್ಲ, ‘ಅಳಿಲು ಬೆಳೆಗೆ ಪಿಡುಗು ಎಂದು ವಿಜ್ಞಾನಿಗಳೇ ಹೇಳುತ್ತಾರಲ್ಲ’ ಎಂಬ ವಾದ ಬರುತ್ತದೆ. ಹೌದು, ಹೇಳುತ್ತಾರೆ. ಮರುಭೂಮಿಯ ಬೇಸಾಯವನ್ನು ಅಭ್ಯಸಿಸುವ ಜೋಧಪುರದ ಕೇಂದ್ರೀಯ ಸಂಸ್ಥೆಯಲ್ಲಿ ದಂಶಕ ಪ್ರಾಣಿಗಳ ಮೇಲೆ ದಶಕಗಳ ಕಾಲ ಸಂಶೋಧನೆ ನಡೆದಿದೆ, ಅದರಲ್ಲಿ ಈ ಅಳಿಲೂ ಇದೆ. ಆದರೆ ಅದು ಹೊಲವೇ ಜೀವನವಾದ ರೈತನ ಪ್ರಶ್ನೆ. ನಮ್ಮ ಟೊಮೇಟೊ ಹೋದರೆ ನಾವು ಸಫಲ್ ಅಂಗಡಿಗೆ ನಡೆದುಹೋಗುತ್ತೇವೆ. ಇನ್ನೊಂದು ಸಂಗತಿ: ನಮ್ಮ ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಕೋಕೋ ಬೆಳೆಗಾರರಿಗೆ ಅಳಿಲಿನ ಕಾಟ ನಮಗಿಂತ ನೂರು ಪಾಲು ಹೆಚ್ಚು. ಅವರಿಗೆ ತಜ್ಞರು ಕೊಡುವ ಸಲಹೆಗಳಲ್ಲಿ ಒಂದು ಬಹಳ ಸರಳ. ಇಲಿ ಎಳೆಗಾಯಿಯನ್ನೂ ಬಿಡದು, ಅಳಿಲು ಬಲಿತದ್ದಕ್ಕೇ ಬರುವುದು. ಆದ್ದರಿಂದ ಕಾಯಿ ಬಣ್ಣ ತಿರುಗುತ್ತಲೇ ಕೊಯ್ದುಬಿಡಿ. ಇದನ್ನು ಟೊಮೇಟೊಗೆ ಅನ್ವಯಿಸಲು ನಮಗೆ ಮೂರು ವರ್ಷ ಹಿಡಿಯಿತಲ್ಲ ಎಂದು ನಾಚಿಕೆಯಾಗುತ್ತದೆ. ಟೊಮೇಟೊ ಗಿಡದಲ್ಲೇ ಹಣ್ಣಾಗಬೇಕೆಂಬ ನಿಯಮವಿಲ್ಲ. ಬುಡದಲ್ಲಿ ತುಸು ನಸುಗೆಂಪು ಕಂಡಾಗ ಕಿತ್ತು ಒಳಗಿಟ್ಟರೆ, ತನ್ನದೇ ಎಥಿಲೀನ್ ಅನಿಲದಿಂದ ನಾಲ್ಕೈದು ದಿನದಲ್ಲಿ ಕೆಂಪಾಗುತ್ತದೆ. ಕಳೆದ ಚಳಿಗಾಲ ಹೀಗೆ ಮಾಡಿದೆವು. ಅಳಿಲಿನ ಪಾಲಿಗೆ ಹೋದದ್ದು ನಾಲ್ಕು ಹಣ್ಣು.

ನಿಜವಾದ ತಪ್ಪು ಬೇರೆ ಇದೆ, ಮತ್ತು ಅದು ನಮ್ಮದು. ದೆಹಲಿಯಲ್ಲಿ ಮನೆ ಮಾಡಿ, ಊರಿನ ಪಂಚಾಂಗದಂತೆ ತೋಟ ಮಾಡುತ್ತೇವೆ. ಸಫ್ದರ್‌ಜಂಗ್‌ನಲ್ಲಿ ವರ್ಷದ ಸರಾಸರಿ ಮಳೆ 77 ಸೆಂಟಿಮೀಟರು. ಅದರಲ್ಲಿ ಮುಕ್ಕಾಲು ಪಾಲು ಜುಲೈಯಿಂದ ಸೆಪ್ಟೆಂಬರಿನ ಒಳಗೆ ಸುರಿದು ಮುಗಿಯುತ್ತದೆ. ನಮ್ಮ ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಇದರ ಎರಡರಷ್ಟಕ್ಕೂ ಹೆಚ್ಚು ಬೀಳುತ್ತದೆ. ಇಲ್ಲಿ ಏಪ್ರಿಲಿನಿಂದ ಲೂ ಗಾಳಿ. 2024ರ ಮೇ 29ರಂದು ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ. ಹಗಲು 35 ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೇಟೊವಿನ ಪರಾಗವೇ ಸತ್ವ ಕಳೆದುಕೊಳ್ಳುತ್ತದೆ, ಹೂ ಉದುರುತ್ತದೆ. ಆಗ ಕಾಯಿ ಕಚ್ಚದಿದ್ದರೆ ಅಳಿಲನ್ನು ಬೈದು ಫಲವಿಲ್ಲ. ಆದರೂ ನಾವು ಮೇ ತಿಂಗಳಲ್ಲಿ ಒಂದೊಂದು ಕುಂಡಕ್ಕೆ ಬಕೆಟ್‌ಗಟ್ಟಲೆ ನೀರು ಹೊಯ್ದು, ಸುತ್ತ ಅರ್ಧ ಮೈಲಿ ಕಾಂಕ್ರೀಟಿನ ನಡುವೆ ಒಂದೇ ಒಂದು ರಸಭರಿತ ಹಣ್ಣನ್ನು ತೂಗುಹಾಕಿ, ಬಾಯಾರಿದ ಪ್ರಾಣಿ ಬಂದು ಕಚ್ಚಿತೆಂದು ಕಳ್ಳ ಎನ್ನುತ್ತೇವೆ. ಹಣ್ಣನ್ನು ಪೂರ್ತಿ ತಿನ್ನದೆ ರಸ ಹೀರಿ ಬಿಡುವುದೇಕೆಂದು ಆಗ ಹೊಳೆಯಬೇಕಿತ್ತು.

ಮೊದಲು ಹೀಗಿರಲಿಲ್ಲ. ಹಳೆಯ ಸರಕಾರಿ ವಸತಿಗಳೆಂದರೆ ನೇರಳೆ, ಬೇವು, ಅರಳಿ, ಕಕ್ಕೆ ಮರಗಳ ಸಾಲು. ಅಳಿಲಿಗೆ ಅಲ್ಲೇ ಕಾಯಿ, ಅಲ್ಲೇ ಗೂಡು. 2016ರಲ್ಲಿ ಸರೋಜಿನಿ ನಗರ, ನೇತಾಜಿ ನಗರ, ನವರೋಜಿ ನಗರ ಮೊದಲಾದ ಏಳು ವಸತಿಗಳನ್ನು ಕೆಡವಿ ಕಟ್ಟುವ ಯೋಜನೆಗೆ ಮಂಜೂರಾತಿ ಆಯಿತು. 2018ರ ಜೂನಿನಲ್ಲಿ ಮರ ಕಡಿಯುವುದರ ವಿರುದ್ಧ ಜನ ಬೀದಿಗಿಳಿದರು, ದೆಹಲಿ ಹೈಕೋರ್ಟು ತಡೆ ಕೊಟ್ಟಿತು. ಅಷ್ಟರಲ್ಲಿ ನವರೋಜಿ ನಗರದ ಮರಗಳು ಬಹಳಷ್ಟು ಉರುಳಿಹೋಗಿದ್ದವು. ನಮಗೆ ಲಿಫ್ಟ್ ಇರುವ ಮನೆ ಬೇಡವೆಂದಲ್ಲ, ಅರ್ಜಿ ನಾವೂ ಹಾಕಿದ್ದೇವೆ. ಆದರೆ ಮರ ಕಳೆದುಕೊಂಡದ್ದು ಎಲ್ಲಿಗೆ ಬರಬೇಕು? ಬಾಲ್ಕನಿಗೇ ಬರುತ್ತದೆ.

ನೀರಿನ ಮಾತು ಎತ್ತಿದರೆ, ‘ನಮಗೇ ಟ್ಯಾಂಕರು, ಅಳಿಲಿಗೆ ಎಲ್ಲಿಂದ?’ ಎನ್ನುವವರಿದ್ದಾರೆ. 2024ರ ಬೇಸಿಗೆಯಲ್ಲಿ ಇಲ್ಲಿ ಪೈಪ್ ಹಿಡಿದು ಕಾರು ತೊಳೆದವರಿಗೆ 2000 ರೂಪಾಯಿ ದಂಡ ಎಂದರು. ಅದೇ ವರ್ಷ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಲಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5000 ಎಂದಿತ್ತು. ಆಗ ಊರಿನಿಂದ ತಮ್ಮ ಫೋನು ಮಾಡಿ, ‘ಅಣ್ಣಾ, ನಿಮ್ಮ ದೆಹಲಿಯೇ ವಾಸಿ’ ಎಂದು ನಕ್ಕದ್ದು ನೆನಪಿದೆ. ಆದರೆ ಅಳಿಲಿಗೆ ಬೇಕಾದ್ದು ಎಷ್ಟು? ಮಣ್ಣಿನ ಒಂದು ಅಗಲ ತಟ್ಟೆ, ನೆರಳಿನಲ್ಲಿ, ದಿನಕ್ಕೆ ಎರಡು ಲೋಟ. ಕುಂಡಗಳಿಗಿಂತ ಹತ್ತು ಅಡಿ ದೂರ ಇಡಬೇಕು, ದಿನವೂ ತೊಳೆಯಬೇಕು, ಇಲ್ಲದಿದ್ದರೆ ಡೆಂಗ್ಯೂ ಸೊಳ್ಳೆ ಸಾಕಿದಂತಾಗುತ್ತದೆ. ಗಿಡಗಳಿಗೆ ಅಕ್ಕಿ ತರಕಾರಿ ತೊಳೆದ ನೀರು ಸಾಕು. ಆರ್.ಒ. ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚು, ಅದನ್ನು ನೆಲ ಒರಸಲು ಇಟ್ಟುಕೊಳ್ಳಿ. ಕೂಲರಿನ ತಳದ ನೀರು ಇನ್ನೂ ಉಪ್ಪು, ಹೊಯ್ದರೆ ಎಲೆಯ ತುದಿ ಸುಡುತ್ತದೆ. ಕುಂಡದ ಮೇಲೆ ಎರಡು ಅಂಗುಲ ಒಣ ಎಲೆ ಹೊದಿಸಿದರೆ ನೀರು ಅರ್ಧ ಉಳಿಯುತ್ತದೆ ಎಂಬುದು ನಮ್ಮ ಲೆಕ್ಕ.

ತಟ್ಟೆಯ ನೀರಿಟ್ಟು ಜೊತೆಗೆ ರೊಟ್ಟಿ ಚೂರು, ಬಿಸ್ಕತ್ತು, ಶೇಂಗಾ ಚೆಲ್ಲುವ ಪುಣ್ಯವಂತರೂ ನಮ್ಮಲ್ಲಿ ಉಂಟು. ದಯವಿಟ್ಟು ಬೇಡ. ಬೆಳಿಗ್ಗೆ ಕರೆದು ಉಣಿಸಿ, ಸಂಜೆ ಮೊಗ್ಗು ಚಿವುಟಿತೆಂದು ಬೋನು ಹುಡುಕುವವರು ಇವರೇ.

ಉಳಿದದ್ದು ತಂತಿಯ ಕೆಲಸ. ನೈಲಾನ್ ಬಲೆಯನ್ನು ಅದು ಎರಡು ದಿನದಲ್ಲಿ ಕಡಿಯುತ್ತದೆ, ಹಲ್ಲು ಬೆಳೆಯುತ್ತಲೇ ಇರುವುದರಿಂದ ಕಡಿಯಲೇಬೇಕು. ಅರ್ಧ ಅಂಗುಲ ಕಣ್ಣಿನ ಕಬ್ಬಿಣದ ಜಾಲರಿ ಬೇಕು. ಟೊಮೇಟೊ, ಬಟಾಣಿ ತಮ್ಮ ಹೂವಿನಲ್ಲೇ ಕಾಯಿಕಟ್ಟುವಂಥವು, ಜೇನುಹುಳ ಒಳಗೆ ಬಾರದಿದ್ದರೂ ನಷ್ಟವಿಲ್ಲ. ಹೀರೆ, ಸೋರೆಗೆ ಸಂಜೆ ಗಂಡುಹೂ ಕಿತ್ತು ಹೆಣ್ಣುಹೂವಿಗೆ ಸವರಬೇಕು. ಟೊಮೇಟೊ ಸಸಿ ಸೆಪ್ಟೆಂಬರ್ ಕೊನೆಗೆ, ಕೊಯ್ಲು ಮಾರ್ಚಿಯೊಳಗೆ ಮುಗಿಯಲಿ. ಬೇಸಿಗೆಗೆ ಬಸಳೆ, ದಂಟು, ದೊಡ್ಡಪತ್ರೆ, ಕರಿಬೇವು. ನಮ್ಮ ಮಹಡಿಯಲ್ಲಿ ಇವನ್ನು ಅಳಿಲು ಮೂಸಿಯೂ ನೋಡಿಲ್ಲ. ಮೆಣಸಿನಕಾಯಿಯ ಖಾರ ಸ್ತನಿಗಳಿಗೆ ಮಾತ್ರ ಹತ್ತುವುದು, ಆದ್ದರಿಂದ ಅಳಿಲು ಬಿಡುತ್ತದೆ. ಗಿಣಿಗೆ ಖಾರ ತಿಳಿಯದು, ಅದು ಬಿಡುವುದಿಲ್ಲ. ಗಿಣಿಯ ಮೇಲೆ ಬೇರೆ ಲೇಖನ ಬರೆಯಬೇಕಾದೀತು.

ಬರುವ ಭಾನುವಾರ ಬ್ಲಾಕಿನ ಸಭೆ ಇದೆ. ಪಾಷಾಣದ ಸಲಹೆಗೆ ನಾವು ವಿರೋಧ ಹೇಳುತ್ತೇವೆ, ನೂರು ರೂಪಾಯಿಯನ್ನೂ ಕೊಡುವುದಿಲ್ಲ. ಅದೇ ಹಣದಲ್ಲಿ ಎಲ್ಲರೂ ಸೇರಿ ಜಾಲರಿಯ ಸುರುಳಿ ತರಿಸೋಣವೆಂದು ಕೇಳುತ್ತೇವೆ. ಕತ್ತರಿಸಿ ಕಟ್ಟಿಕೊಡುವ ಕೆಲಸ ನಮ್ಮದು. ಇಲಿಬೋನು ಎರವಲು ಕೇಳಿಕೊಂಡು ಈ ತಿಂಗಳು ಇಬ್ಬರು ಬಂದಿದ್ದರು. ತಳದ ತಗಡು ಕಿತ್ತು ಅದನ್ನು ಕೊತ್ತಂಬರಿ ಕುಂಡದ ಮೇಲೆ ಬೋರಲು ಹಾಕಿದ್ದೇವೆ, ಬೀಜ ಮೊಳೆಯುವವರೆಗೆ ತೆಗೆಯುವಂತಿಲ್ಲ ಎಂದು ಹೇಳಿ ಕಳಿಸಿದೆವು.