ಟಾನಿಕ್‌ಗೆ ಮುಂಚೆ ಮೂತ್ರ ಪರೀಕ್ಷೆ

ಕರು ಹಾಕಿದ ಹತ್ತು ಹದಿನೈದು ದಿನಕ್ಕೆ ಹಸು ಹಿಂಡಿ ಬಿಟ್ಟರೆ, ಬಂಗಾರಪೇಟೆ, ಕೆಜಿಎಫ್ ಕಡೆಯ ಬಹಳ ಮನೆಗಳಿಗೆ ಮೊದಲು ಬರುವುದು ಲಿವರ್ ಟಾನಿಕ್ ಬಾಟಲಿ. ಎರಡು ಮೂರು ದಿನ ಕುಡಿಸಿ, ಹಾಲು ಇಳಿದ ಮೇಲೆ ನಮಗೆ ಫೋನ್ ಬರುತ್ತದೆ. ಮೊದಲು ಮೂತ್ರ ಪರೀಕ್ಷೆ, ಆಮೇಲೆ ಔಷಧಿ ಎಂಬುದು ನನ್ನ ಅಭಿಪ್ರಾಯ.

ಕರು ಹಾಕಿದ ಮೇಲೆ ಹಾಲು ಏರುವಷ್ಟು ಬೇಗ ಹಸಿವು ಏರುವುದಿಲ್ಲ. ಕೊರತೆ ತುಂಬಲು ಮೈಯ ಕೊಬ್ಬು ಕರಗಿ ಲಿವರ್‌ಗೆ ಹೋಗುತ್ತದೆ. ಅದು ಅತಿಯಾದರೆ ಲಿವರ್‌ನಲ್ಲಿ ಕೊಬ್ಬು ತುಂಬುತ್ತದೆ. ಕೀಟೋನ್ ಎಂಬ ಅಂಶ ರಕ್ತ, ಹಾಲು, ಮೂತ್ರದಲ್ಲಿ ಹೆಚ್ಚುತ್ತದೆ. ಇದೇ ಕೀಟೋಸಿಸ್. ಕರು ಹಾಕುವಾಗ ತುಂಬ ಕೊಬ್ಬಿದ ಹಸುಗಳಿಗೆ ಅಪಾಯ ಹೆಚ್ಚು.

ಇದಕ್ಕೆ ರೊಥೆರಾ ಪರೀಕ್ಷೆ ಇದೆ. ರೊಥೆರಾ ಪುಡಿಯ ಮೇಲೆ ಕೆಲವು ಹನಿ ಮೂತ್ರ ಹಾಕಿದರೆ, ಕೀಟೋನ್ ಹೆಚ್ಚಿದ್ದಲ್ಲಿ ನಿಮಿಷಗಳಲ್ಲೇ ನೇರಳೆ ಬಣ್ಣ ಬರುತ್ತದೆ. ಮೂತ್ರ ಹಿಡಿಯುವುದೂ ಕಷ್ಟವಲ್ಲ: ಯೋನಿಯ ಕೆಳಗೆ ಮೆಲ್ಲಗೆ ಸವರಿದರೆ ಹಸು ಸಾಮಾನ್ಯವಾಗಿ ಮೂತ್ರ ಮಾಡುತ್ತದೆ. ತೊಳೆದು ಒಣಗಿಸಿದ ಬಾಟಲಿ ಸಾಕು.

ನಾಯಿಗಳಿಗೆ ಮೂತ್ರದ ಪಿತ್ತಾಮ್ಲ ಅಳೆದು ಲಿವರ್ ರೋಗ ನೋಡುತ್ತಾರಲ್ಲ, ಹಸುವಿಗೆ ಯಾಕಿಲ್ಲ ಎಂದು ಓದಿದ ಮಕ್ಕಳು ಕೇಳಬಹುದು. ಆರೋಗ್ಯವಾದ ಲಿವರ್ ಕರುಳಿನಿಂದ ಬಂದ ಪಿತ್ತಾಮ್ಲವನ್ನು ಮತ್ತೆ ಹೀರಿಕೊಳ್ಳುತ್ತದೆ. ಕೆಟ್ಟ ಲಿವರ್‌ನಿಂದ ಅದು ಆಗದೆ ಮೂತ್ರಕ್ಕೆ ಬರುತ್ತದೆ. ಆದರೆ ಹಸುವಿನ ರಕ್ತದಲ್ಲಿ ಇದರ ಪ್ರಮಾಣ, ಆರೋಗ್ಯವಾಗಿದ್ದಾಗಲೂ, ಒಂದೇ ದಿನದಲ್ಲಿ ಬಹಳ ಏರಿಳಿಯುತ್ತದೆ. ಒಂದು ಸಲದ ಅಳತೆ ನಂಬಿ ಔಷಧಿ ಕೊಡಲಾಗದು. ನಮ್ಮ ಕೊಟ್ಟಿಗೆಗೆ ನೇರಳೆ ಬಣ್ಣವೇ ಹೆಚ್ಚು ಉಪಯೋಗ.

ಬಣ್ಣ ಬರಲಿಲ್ಲ ಎಂದರೆ ಲಿವರ್ ಚೆನ್ನಾಗಿದೆ ಎಂದು ಅರ್ಥವಲ್ಲ. ಕಣ್ಣು ಹಳದಿಯಾದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಲಂಟಾನ ಗಿಡ ಮೇಯ್ದ ವಿಷವೋ ಉಣ್ಣೆ ಜ್ವರವೋ ಇರಬಹುದು. ಅಂದೇ ವೈದ್ಯರನ್ನು ಕರೆಯಿರಿ.

ತಾಯಂದಿರೇ, ಹಸು ಮೇವು ಬಿಟ್ಟಿದ್ದನ್ನು ಮೊದಲು ನೋಡುವವರು ನೀವು. ಪ್ರತಿ ಡೇರಿಯಲ್ಲೂ ರೊಥೆರಾ ಪುಡಿ ಇರಲಿ, ಕರು ಹಾಕಿದ ಎರಡನೇ ವಾರದಲ್ಲಿ ಪ್ರತಿ ಹಸುವಿಗೂ ಪರೀಕ್ಷೆ ಆಗಲಿ ಎಂದು ಮುಂದಿನ ಸಂಘದ ಸಭೆಯಲ್ಲಿ ಎದ್ದು ಕೇಳಿ.