ಒಂದೇ ಕಾಪಿ ಇಟ್ಕೊಂಡು ಬೀಗುವವರಿಗೆ

ಹಳೇ ಕನ್ನಡ ಹಾಸ್ಯ ಸಿನಿಮಾ ಕೂಡಿಡುವ ಹುಚ್ಚು ನನಗೂ ಇದೆ. ದೇವಸುಗೂರಿನ ಮನೆಯಲ್ಲಿ ವಿಸಿಡಿ ತುಂಬಿದ ರಟ್ಟಿನ ಡಬ್ಬಿ ನೋಡಿದಾಗೆಲ್ಲ ನಮ್ಮವ್ವ "ಇದಕ್ಕೇನಪಾ ನಿನ್ನ ಇಂಜಿನಿಯರಿಂಗ್ ಓದಿಸಿದ್ದು?" ಅಂತಾಳೆ. ಅನ್ನಲಿ ಬಿಡಿ :)

1969ರ ‘ಮೇಯರ್ ಮುತ್ತಣ್ಣ’ನನ್ನು ಯಾರೂ ಮರೆಯಲ್ಲ. ನನಗೆ ಬೇಕಾಗಿರೋದು 1974ರ ‘ಪ್ರೊಫೆಸರ್ ಹುಚ್ಚೂರಾಯ’ದಂಥವು. 1954ರ ‘ಬೇಡರ ಕಣ್ಣಪ್ಪ’ದಿಂದ ಶುರುಮಾಡಿ, ವರ್ಷಗಟ್ಟಲೆ ನಾಯಕರ ಪಕ್ಕದಲ್ಲಿ ನಿಂತು ನಗಿಸಿದ ನರಸಿಂಹರಾಜು ತಾವೇ ನಿರ್ಮಾಪಕರಾಗಿ ತೆಗೆದ ಸಿನಿಮಾ ಅದು. ಟಿವಿಯವರು ಐದು ನಿಮಿಷದ ಕಾಮಿಡಿ ತುಣುಕು ಕತ್ತರಿಸಿ ಹಾಕ್ತಾರಲ್ಲ, ಅದರಲ್ಲಿ ಜೋಕು ಸಿಗುತ್ತೆ ಅಷ್ಟೇ. ಹಾಸ್ಯನಟ ಇಡೀ ಸಿನಿಮಾ ಹೊರೋದನ್ನ ನೋಡಬೇಕಂದ್ರೆ ಇಡೀ ಸಿನಿಮಾನೇ ಬೇಕು.

ಈಗ ಜಗಳಕ್ಕೆ ಬರ್ತೀನಿ. ನಮ್ಮ ಸಂಗ್ರಹಕಾರರಲ್ಲಿ ಒಂದು ಜಾತಿ ಇದೆ. "ಇದು ನನ್ನ ಹತ್ರ ಮಾತ್ರ ಇರೋದು" ಅಂತ ಮೀಸೆ ತಿರುವುತ್ತಾರೆ, ಒಮ್ಮೆ ತೋರಿಸಿ ಸ್ವಾಮಿ ಅಂದ್ರೆ ಮಾತು ಹಾರಿಸ್ತಾರೆ. ಕೊಟ್ಟರೆ ಅಪರೂಪದ್ದು ಅನ್ನೋ ಗತ್ತು ಹೋಗುತ್ತಲ್ಲ!

ನಾನು ಸಾಫ್ಟ್‌ವೇರ್‌ನವನು. ನಮ್ಮಲ್ಲಿ ಒಂದೇ ಕಾಪಿ ಇದೆ ಅಂದ್ರೆ ಬ್ಯಾಕಪ್ ಇಲ್ಲ ಅಂತ ಅರ್ಥ. ಅದನ್ನು ಯಾರೂ ಹೆಮ್ಮೆಯಿಂದ ಹೇಳ್ಕೊಳ್ಳಲ್ಲ. ಹಳೇ ಅಸಿಟೇಟ್ ಫಿಲ್ಮು ಸೆಕೆಗೆ, ತೇವಕ್ಕೆ ಕೆಟ್ಟು ವಿನೆಗರ್ ವಾಸನೆ ಹೊಡೆಯುತ್ತೆ, ಸುರುಟಿಕೊಳ್ಳುತ್ತೆ. ನಮ್ಮ ರಾಯಚೂರಿನ ಬಿಸಿಲಲ್ಲಿ ಅಟ್ಟದ ಮೇಲಿನ ಡಬ್ಬಿ ಎಷ್ಟು ವರ್ಷ ಬಾಳೀತು? ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನ’ದ ಪ್ರಿಂಟೇ ಇವತ್ತು ಇಲ್ಲ. ಅದಕ್ಕೇ ಆ ಗತಿ ಬಂದಿದ್ದರೆ, ಎರಡು ವಾರ ಓಡಿ ಹೋದ ಹಾಸ್ಯ ಸಿನಿಮಾವನ್ನ ಯಾರು ಕಾಯ್ತಾರೆ?

"ಕಾಪಿರೈಟ್ ಇದೆಯಲ್ಲ" ಅಂತಾರೆ. ಇದೆ. 1957ರ ಕಾಯ್ದೆ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಅಂದ್ರೆ ಆ 60 ವರ್ಷ ದಾಟಿದ ಸಿನಿಮಾಗಳ ಅವಧಿ ಮುಗಿದಿದೆ. ಉಳಿದವನ್ನು ನೆಟ್ಟಿಗೆ ಸುರೀರಿ ಅಂತ ನಾನೂ ಹೇಳ್ತಿಲ್ಲ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಶುರುವಾಗಿದ್ದೇ ಸಿನಿಮಾ ಉಳಿಸೋಕೆ. ನಿಮ್ಮ ಹತ್ರ ಪ್ರಿಂಟ್ ಇದ್ದರೆ ಅವರಿಗೊಂದು ಪತ್ರ ಬರೀರಿ. ಅದೂ ಆಗದಿದ್ರೆ ಕಡೇಪಕ್ಷ ಏನೇನಿದೆ ಅಂತ ಒಂದು ಪಟ್ಟಿ ಹಾಕಿ. ಪಟ್ಟಿ ಹಾಕೋಕೆ ಯಾವ ಕಾಯ್ದೆಯೂ ಅಡ್ಡ ಬರಲ್ಲ.

ನನ್ನ ಡಬ್ಬಿಗಳ ಪಟ್ಟಿ ಈ ಭಾನುವಾರ ಇಲ್ಲೇ ಹಾಕ್ತೀನಿ. ನಿಮ್ಮದು ಯಾವಾಗ?